ಬೇರುಸಹಿತ

ಬೊಕ್ಕತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಪರದೆಯ ಮೇಲೆ ಏಳನೆಯ ಸಲ ಹಾರಿಬಂದಾಗ ನಿವೃತ್ತ ಸ್ಟೇಷನ್ ಮಾಸ್ತರರು ಮೌಸನ್ನು ಮೇಜಿಗೆ ಕುಕ್ಕಿದರು. ಅವರ ತಲೆ ತುಂಬ ಕೂದಲಿತ್ತು. ಅವಮಾನ ಆದದ್ದೇ ಅದಕ್ಕೆ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಹನ್ನೊಂದರ ಹೊತ್ತಿಗೆ ರಿಪೇರಿಗೆ ಒಬ್ಬರನ್ನು ಕಳಿಸುತ್ತೇವೆ ಎಂದು ಕಂಪ್ಯೂಟರ್ ಅಂಗಡಿಯವರು ಹೇಳಿದ್ದರು. ಈಗಿನ್ನೂ ಹತ್ತೂವರೆ. ಹೊತ್ತಿಗೆ ಮುಂಚೆ ಬರುವವರೆಂದರೆ ಮಾಸ್ತರರಿಗೆ ಮೊದಲಿನಿಂದಲೂ ಗೌರವ. ಇಸ್ತ್ರಿ ಮುರಿಯದ ಅಂಗಿ ತೊಟ್ಟ ತರುಣನೊಬ್ಬ ಏನೋ ಹೇಳಲು ಬಾಯಿ ತೆರೆದ. ಮಾತೆಲ್ಲ ಆಮೇಲೆ, ಮೊದಲು ಇದರ ಕಾಟ ಬಿಡಿಸು ಎಂದು ತೋಳು ಹಿಡಿದು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದರು.

ಆತ ಕ್ಷಣಕಾಲ ಅವರ ಮುಖ ನೋಡಿದ. ಎದ್ದು ಹೋಗಿ ಕೈ ತೊಳೆದುಕೊಂಡು ಬಂದ. ಎಷ್ಟು ದಿನದಿಂದ ತೊಂದರೆ, ಯಾವಾಗ ಜಾಸ್ತಿಯಾಗುತ್ತದೆ ಎಂದು ಮೆತ್ತಗೆ ವಿಚಾರಿಸಿದ.

ಹಳೆಯ ರೈಲುಗಳ ವಿಡಿಯೊ ನೋಡಲು ಪುಕ್ಕಟೆ ಪ್ಲೇಯರ್ ಇಳಿಸಿಕೊಂಡಾಗಿನಿಂದ ಎಂದರು ಮಾಸ್ತರರು. ಅದರ ಬೆನ್ನಿಗಂಟಿಕೊಂಡು ಇನ್ನೂ ನಾಲ್ಕು ಪ್ರೋಗ್ರಾಮುಗಳು ಒಳಗೆ ನುಸುಳಿವೆ, ನೀವು ಓದದೆ ‘ಸರಿ’ ಒತ್ತಿದ್ದೀರಿ ಎಂದು ಆತ ತೋರಿಸಿಕೊಟ್ಟ. ಮೂರನ್ನು ಹತ್ತೇ ನಿಮಿಷದಲ್ಲಿ ಅಳಿಸಿದ. ನಾಲ್ಕನೆಯದು ಅಳಿಸಿದಷ್ಟೂ ತಲೆಯೆತ್ತಿತು.

“ಮೇಲಷ್ಟೇ ಮುರಿದು ಬಂದಿದೆ, ಬೇರು ಒಳಗೇ ಇದೆ,” ಎಂದ. “ಸ್ವಲ್ಪ ತಾಳಿ ಸರ್. ಅಲ್ಲಾಡಿಸಿ ಅಲ್ಲಾಡಿಸಿ ತೆಗೀಬೇಕು.”

ಕಾಯುವ ಹೊತ್ತಿನಲ್ಲಿ ಮಾಸ್ತರರು ಮನಸ್ಸು ಹಗುರ ಮಾಡಿಕೊಂಡರು. ಕೆಲಸಕ್ಕೆ ಹೋಗಿರುವ ತಮ್ಮ ಮಗಳೂ ಹೀಗೇ ಓದದೆ ‘ಸರಿ’ ಒತ್ತಿದವಳು, ಯಾರೋ ಡಾಕ್ಟರನ್ನು ಮೆಚ್ಚಿಕೊಂಡಿದ್ದಾಳೆ, ಎರಡು ತಿಂಗಳಿಂದ ಒಮ್ಮೆ ನೋಡಿ ಎಂದು ಗೋಗರೆಯುತ್ತಿದ್ದಾಳೆ, ತಾವು ಮಾತ್ರ ಜಪ್ಪಯ್ಯ ಅಂದರೂ ಒಪ್ಪಿಲ್ಲ ಎಂದರು.

“ಓದದೆ ‘ಬೇಡ’ ಒತ್ತೋದೂ ತಪ್ಪಲ್ವಾ ಸರ್?” ಪರದೆಯಿಂದ ಕಣ್ಣು ತೆಗೆಯದೆ ಆತ ಕೇಳಿದ.

ಅಷ್ಟರಲ್ಲಿ ಪರದೆ ತಿಳಿಯಾಯಿತು. ಹೊಗೆಬಂಡಿಯೊಂದು ಯಾವ ಎಣ್ಣೆಯ ಅಡ್ಡಿಯೂ ಇಲ್ಲದೆ ಸೇತುವೆ ದಾಟಿತು. ಮಾಸ್ತರರ ಕಣ್ಣು ಒದ್ದೆಯಾಯಿತು. ಅಳಿಯ ಅಂತ ಸಿಕ್ಕರೆ ಇಂಥವನು ಸಿಗಬೇಕು ಎಂಬ ಮಾತು ಬಾಯಿಂದ ಜಾರಿಯೇ ಬಿಟ್ಟಿತು.

ಎಷ್ಟು ಕೊಡಲಿ ಎಂದದ್ದಕ್ಕೆ ಆತ ಕೈಮುಗಿದ. “ಈಗೇನೂ ಬೇಡ ಸರ್. ಇನ್ನೊಂದಿನ ಬಂದು ಕೇಳ್ತೀನಿ. ಆಗ ಇಲ್ಲ ಅನ್ನಬಾರದು, ಅಷ್ಟೇ.”

“ಧಾರಾಳವಾಗಿ ಕೇಳಪ್ಪಾ. ಇಲ್ಲ ಅಂದ್ರೆ ನಾನು ಮನುಷ್ಯನೇ ಅಲ್ಲ.”

ಆತ ಹೊರಟು ಎರಡು ನಿಮಿಷವಾಗಿರಲಿಲ್ಲ, ಮತ್ತೆ ಗಂಟೆ ಸದ್ದಾಯಿತು. ಹೆಗಲಿಗೆ ಚೀಲ ಹಾಕಿಕೊಂಡವನೊಬ್ಬ ಏದುಸಿರು ಬಿಡುತ್ತ ನಿಂತಿದ್ದ.

“ಕಂಪ್ಯೂಟರ್ ಅಂಗಡಿಯಿಂದ ಸರ್, ಸ್ವಲ್ಪ ತಡ ಆಯ್ತು... ಅಂದಹಾಗೆ, ಈಗ ಗೇಟಲ್ಲಿ ಎದುರಾದ್ರಲ್ಲ ಹಲ್ಲಿನ ಡಾಕ್ಟ್ರು, ಅವರು ನಿಮಗೇನಾಗ್ಬೇಕು?”