ಒರತೆಗೊಂದು ಹೆಸರು

ಮಲೋಟಿ ಬೆಟ್ಟದ ಕೊರಕಲಿಗೆ ಅಡ್ಡವಾಗಿ ಕಟ್ಟಿದ ಕಟ್ಟೆಯ ಕೊನೆಯ ಕಲ್ಲನ್ನು, ಕೆಲಸ ನೋಡಿಕೊಳ್ಳಲು ಹೊಸದಾಗಿ ಬಂದ ಕೆಕೆತ್ಸೊ ತಾನೇ ಎತ್ತಿ ತಂದು ಮಾನಲೇದಿಯ ಕೈಗಿಟ್ಟಳು. ಕೊನೆಯ ಕಲ್ಲು ಇಟ್ಟವರ ಚೊಚ್ಚಲ ಮಗುವಿನ ಹೆಸರನ್ನೇ ಆ ಕಟ್ಟೆ ಕಾಯುವ ಒರತೆಗೂ ಇಡುವುದು ಬೇಸಿಗೆ ಕೆಲಸಕ್ಕೆ ಬರುವ ಈ ತಂಡದ ರೂಢಿ. "ಇದು ನಿಮ್ಮ ನಲೇದಿಗೆ, ಅಮ್ಮಾ. ಇಷ್ಟು ವರ್ಷದಿಂದ ಬರ್ತಿದೀರಿ, ಒಂದು ಒರತೆಗೂ ಅವಳ ಹೆಸರಿಟ್ಟಿಲ್ವಲ್ಲ?" ಎಂದಳು.

"ಮೇಡಮ್ಮನ ಬೂಟು ನೋಡ್ರೋ, ಮದ್ವೆಗೆ ಬಂದಂಗಿದೆ" ಎಂದು ಕೆಕೆತ್ಸೊಳನ್ನು ಆಡಿಕೊಂಡು ಬೆಳಗಿನಿಂದ ಎಲ್ಲರನ್ನೂ ನಗಿಸುತ್ತಿದ್ದ ಮುದುಕ ಸೆಖೋಬೆ ತಾನು ಹೊದ್ದಿದ್ದ ಕಂಬಳಿಯ ಪಿನ್ನು ಬಿಚ್ಚಿ ಮತ್ತೆ ಚುಚ್ಚಿಕೊಂಡ. "ಮಾನಲೇದಿ ಅಂತ ಹೆಸರಿಟ್ಟಿದ್ದು ಅವಳತ್ತೆ, ಮದುವೆ ದಿನ," ಎಂದ ಮೆಲ್ಲಗೆ. "ನಲೇದಿ ಹುಟ್ಟಲೇ ಇಲ್ಲ, ಮಗಳೇ."

ಕೆಕೆತ್ಸೊಳ ಕಿವಿ ಬಿಸಿಯಾಯಿತು. ಮನೆ ತುಂಬಿದ ಸೊಸೆಯನ್ನು ಮುಂದೆ ಹುಟ್ಟಲಿರುವ ಮಗುವಿನ ಹೆಸರಿಗೆ 'ಮಾ' ಸೇರಿಸಿ, ಆ ಮಗುವಿನ ತಾಯಿಯೆಂದು ಅಂದಿನಿಂದಲೇ ಕರೆಯುವುದು ಅವಳ ಮನೆಯಲ್ಲೂ ಇದ್ದದ್ದೇ. ತಂಡ ನಡೆಸಲು ಬಂದ ಮೊದಲ ವರ್ಷವೇ ಹೀಗೆ ಎಲ್ಲರೆದುರು ನೋಯಿಸಿಬಿಟ್ಟೆನಲ್ಲ ಎಂದುಕೊಂಡು, ಕಲ್ಲನ್ನು ಮರಳಿ ಪಡೆಯಲು ಕೈ ಚಾಚಿದಳು. ಮಾನಲೇದಿ ಕೊಡಲಿಲ್ಲ. ಅದನ್ನು ಸೊಂಟಕ್ಕೆ ಆನಿಸಿಕೊಂಡು, ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಬಗ್ಗಿ ಸಂದಿಯಲ್ಲಿ ಕೂರಿಸಿದಳು. ಕೊರಕಲಿನಲ್ಲಿ ಓಡಿ ಹೋಗುತ್ತಿದ್ದ ನೀರು ಕಟ್ಟೆಗೆ ತಾಗಿ ನಿಂತಿತು; ನಿಧಾನಕ್ಕೆ ಹಿಂದೆ ಸರಿದು ಒಣಗಿದ ಹುಲ್ಲಿನೊಳಗೆ ಹರಡತೊಡಗಿತು.

"ಬರ್ಕೊಳ್ಳಮ್ಮ, ನಲೇದಿ ಅಂತ," ಎಂದಳು ಮಾನಲೇದಿ, ನೀರಿನಿಂದ ಕಣ್ಣು ತೆಗೆಯದೆ. "ಬರೋದು ಸ್ವಲ್ಪ ತಡವಾಯ್ತು, ಅಷ್ಟೇ."