ಗುಲಾಬಿಗೆ ತಿರುಗಿದ ಪಟ್ಟಿ

ಸತ್ತ ಇಲಿಯನ್ನು ಬಾಲ ಹಿಡಿದು ತರುವವನಂತೆ ಡಾವೆ ಪರೀಕ್ಷೆಯ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಅಡುಗೆಮನೆಗೆ ಬಂದ. ಮರದ ಜೋಡುಗಳನ್ನು ಬಾಗಿಲಲ್ಲಿ ಬಿಡುವುದನ್ನೂ ಮರೆತಿದ್ದ.

"ಗುಲಾಬಿಗೆ ತಿರುಗಿದೆ! ಗುಂಡಿ ಮೇವೆಲ್ಲ ವಿಷ!"

ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ಮಗ ಹಿಲ್ಕೆಯ ಚಾಕು ಗಾಳಿಯಲ್ಲೇ ನಿಂತಿತು. ಸೊಸೆ ವೀಟ್ಸ್ಕೆ ಪಟ್ಟಿಯನ್ನು ನೋಡಿದಳು. ಮುಖ ಬಿಳುಚಿತು.

ಫ್ರೀಸ್‌ಲ್ಯಾಂಡಿನ ಒದ್ದೆ ಬೇಸಗೆಯಲ್ಲಿ ಕೊಯ್ದ ಹುಲ್ಲು ಕೆಡದಿರಲೆಂದು ಈ ಸಲ ಗಾಳಿಯಾಡದಂತೆ ಮುಚ್ಚಿಡುವ ರಸಮೇವಿನ ಗುಂಡಿಗೆ ನೈಟ್ರೈಟ್ ಇರುವ ಪುಡಿ ಬೆರೆಸಿದ್ದರು. ವಾರಗಟ್ಟಲೆ ಮುಚ್ಚಿಟ್ಟರೆ ನೈಟ್ರೈಟ್ ತಾನಾಗಿ ಕಳೆದುಹೋಗುತ್ತದೆ. ತುಂಬಾ ಉಳಿದರೆ ಹಸುವಿನ ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ, ಹಸು ಸಾಯಲೂಬಹುದು. ಗುಂಡಿ ತೆರೆದ ದಿನ ಮೇವಿನ ರಸಕ್ಕೆ ಪಟ್ಟಿ ಅದ್ದಿ ನೋಡಬೇಕು. ಬಿಳಿಯಾಗೇ ಉಳಿದರೆ ಕ್ಷೇಮ, ಗುಲಾಬಿಯಾದರೆ ಅಪಾಯ. ಪುಡಿ ಅಳೆದು ಹಾಕಿದವಳು ವೀಟ್ಸ್ಕೆ. ಪಟ್ಟಿ ಅದ್ದಲು ಹೇಳಿದ್ದೂ ಅವಳಿಗೇ.

"ಎಲ್ಲಿತ್ತು ಮಾವ ಅದು?"

"ಬಚ್ಚಲಮನೆ ಕಿಟಕೀಲಿ, ಪಟ್ಟಿ ಡಬ್ಬಿ ಪಕ್ಕದಲ್ಲೇ. ನೀನೇ ತಾನೆ ಅದ್ದಿದ್ದು?"

"ಹೂಂ."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಇನ್ನೊಂದು ಸಲ ನೋಡಿ ಹೇಳೋಣ ಅಂತಿದ್ದೆ..." ಅವಳು ಕೈ ಚಾಚಿದಳು. "ಕೊಡಿ, ಬಿಸಾಡ್ತೀನಿ."

"ಬಿಸಾಡೋದಾ? ಇದು ಸಾಕ್ಷಿ ಕಣಮ್ಮಾ!" ಡಾವೆ ಪಟ್ಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡ.

ಕೊಟ್ಟಿಗೆಯಲ್ಲಿ ನಲವತ್ತಾರು ಹಸುಗಳು ಹಸಿದು ಕೂಗುತ್ತಿದ್ದವು. ಡಾವೆ ಮೇವಿನ ಸಲಹೆಗಾರ್ತಿ ಬಾಕ್ಯೆಗೆ ಫೋನ್ ಮಾಡಿದ. ಅವಳು ಬರುವವರೆಗೆ ಕಾಯುವ ತಾಳ್ಮೆಯಿಲ್ಲದೆ ಟ್ರ್ಯಾಕ್ಟರ್ ಹತ್ತಿದ. ಇಡೀ ಚಳಿಗಾಲಕ್ಕೆಂದು ಕೂಡಿಟ್ಟ ಮೇವನ್ನು ತಿಪ್ಪೆಗೆ ಸುರಿಯುವುದೇ ಸರಿ ಎಂಬ ಹಟ.

"ಮಾವ, ಮೇವಿಗೇನೂ ಆಗಿಲ್ಲ. ಹಸುಗಳಿಗೆ ಹಾಕಿ."

"ನಿನಗೆ ಹೇಗೆ ಗೊತ್ತು?"

ವೀಟ್ಸ್ಕೆ ನೆಲ ನೋಡಿದಳು. ಒಮ್ಮೆ ಗಂಡನನ್ನು ನೋಡಿ, ಮತ್ತೆ ನೆಲವನ್ನೇ ನೋಡಿದಳು.

"ಪುಡಿ ಜಾಸ್ತಿ ಸುರಿದುಬಿಟ್ಯಾ?" ಹಿಲ್ಕೆ ಅವಳ ಕಿವಿಯಲ್ಲಿ ಕೇಳಿದ. "ನನ್ ಹತ್ರ ಹೇಳು ಮಾರಾಯ್ತಿ. ತಪ್ಪು ನಂದೂ ಇದೆ ಅಂತ ಅಪ್ಪಂಗೆ ಹೇಳ್ತೀನಿ."

"ನಿಂದೂ ಇದೆ ಬಿಡು," ಅಂದಳು ಅವಳು.

ಬಾಕ್ಯೆಯ ಕಾರು ಅಂಗಳಕ್ಕೆ ಬಂದಾಗ ಟ್ರ್ಯಾಕ್ಟರ್ ಮೊದಲ ರಾಶಿ ಎತ್ತಿತ್ತು.

"ಇಳಿಯೋ ಕೆಳಗೆ, ಮುದಿ ಹೋರಿ!" ಎಂದು ಅವಳು ಕಿರುಚಿದಳು. ಡಾವೆ ಇಳಿದ.

ಬಾಕ್ಯೆ ಗುಂಡಿಯ ಒಂದು ಮೂಲೆಯಿಂದ ಮೇವು ಹಿಂಡಿ ಹೊಸ ಪಟ್ಟಿ ಅದ್ದಿದಳು. ಬಿಳಿ. ನಡುವಿನಿಂದ ತೆಗೆದು ಅದ್ದಿದಳು. ಬಿಳಿ. ತಳದ್ದೂ ಬಿಳಿಯೇ.

"ಹಾಲಿನಷ್ಟು ಬೆಳ್ಳಗಿದೆಯಲ್ಲೋ! ಎಲ್ಲಿ, ನಿನ್ನ ಸಾಕ್ಷಿ ತೆಗಿ."

ಡಾವೆ ಟೋಪಿಯೊಳಗಿನಿಂದ ಪಟ್ಟಿಯನ್ನು ತೆಗೆದುಕೊಟ್ಟ. ಬಾಕ್ಯೆ ಕನ್ನಡಕ ಏರಿಸಿ ಅದನ್ನು ನೋಡಿದಳು. ಆಮೇಲೆ ವೀಟ್ಸ್ಕೆಯ ಕೆಂಪೇರಿದ ಮುಖ ನೋಡಿದಳು. ಕೊನೆಗೆ ಡಾವೆಯ ಟೋಪಿ ನೋಡಿ, ನಗು ತಡೆಯಲು ತುಟಿ ಕಚ್ಚಿಕೊಂಡಳು.

"ನೈಟ್ರೈಟ್ ಇದ್ರೆ ತುದೀಲಿರೋ ಚೌಕ ಪೂರ್ತಿ ಗುಲಾಬಿ ಆಗುತ್ತೆ. ಇಲ್ಲಿ ಬಂದಿರೋದು ಎರಡು ಗೆರೆ. ಮೇವು ಈಗಲೇ ಹಾಕು ಡಾವೆ; ಅಜ್ಜ ಆಗೋಕೆ ಮಾತ್ರ ಇನ್ನೂ ಏಳೆಂಟು ತಿಂಗಳು ಕಾಯಬೇಕು."