ಬಾಣಂತಿಗೆ ತಂಗಳು

ತೇಜಸ್ವಿನಿ ಫ್ರೀಜರ್ ತೆರೆದಾಗ ಒಳಗೆ ಐಸ್ ಟ್ರೇ ಬಿಟ್ಟರೆ ಬೇರೇನೂ ಇರಲಿಲ್ಲ. ದಿನವೂ ಕೆಲಸ ಮುಗಿಸಿ ಬಂದು, ನಿಂತು ನಿಂತು ಕಾಲು ಊದಿಸಿಕೊಂಡು, ತನ್ನ ಬಾಣಂತನಕ್ಕೆಂದು ಮಾಡಿ ತುಂಬಿಟ್ಟಿದ್ದ ಬೆಳ್ಳುಳ್ಳಿ ಸಾರು, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಒಂದೂ ಇಲ್ಲ. ಡಬ್ಬಿಗಳನ್ನೆಲ್ಲ ತೊಳೆದು ಅಡುಗೆ ಕಟ್ಟೆಯ ಮೇಲೆ ಬೋರಲು ಹಾಕಲಾಗಿತ್ತು. ಮೂಲೆಗಳಲ್ಲಿ ಸೋಪಿನ ನೊರೆ ಹಾಗೇ ಉಳಿದಿತ್ತು. ಒಂದೇ ಕೈಯಲ್ಲಿ ತೊಳೆದವರ ಕೆಲಸ ಅದು.

"ಅತ್ತೆ, ಡಬ್ಬಿಲಿದ್ದದ್ದೆಲ್ಲ ಏನಾಯ್ತು?"

"ಪಕ್ಕದ್ಮನೆ ನೀಲಾವತಿ ಹಸ ತಿಂತು," ಎಂದರು ಶಾಂತಮಲ್ಲಮ್ಮ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು. "ಕಲಗಚ್ಚಿನ ಬಕೀಟಿಗೆ ಸುರುದ್ಬುಟ್ಟೆ. ಬಾಣಂತಿಗೆ ಯಾರಾದ್ರೂ ತಂಗಳು ಇಕ್ತಾರಾ? ಅದೂ ಐಸ್ನಲ್ಲಿ ಮಡಗಿದ್ದು! ಸನ್ನಿ ಒಡುದ್ರೆ ಏನವ್ವ ಗತಿ?"

ತೇಜಸ್ವಿನಿ ಹೊಟ್ಟೆ ಹಿಡಿದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಇನ್ನು ಯಾವ ದಿನ ಬೇಕಾದರೂ ಆಗಬಹುದು, ಬ್ಯಾಗು ಸಿದ್ಧ ಮಾಡಿಟ್ಟುಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಅದೇ ಬೆಳಿಗ್ಗೆ ಹೇಳಿ ಕಳಿಸಿದ್ದರು.

"ಬಿಸಿ ಮಾಡ್ಕೊಂಡೇ ತಿಂತಿದ್ದೆ ಅತ್ತೆ. ಮಾಡಿ ಹಾಕೋರು ನನಗೆ ಯಾರಿದ್ದಾರೆ?"

"ನಿಮ್ಮವ್ವ ಇದ್ದಿದ್ರೆ ಇಂಗೆ ಮಾಡಾಕೆ ಬುಡ್ತಿದ್ಲಾ?"

"ಅವ್ವ ಇದ್ದಿದ್ರೆ ನಾನು ಇಷ್ಟೊತ್ತಿಗೆ ಕುದೇರಲ್ಲಿ ತವರುಮನೇಲಿ ಮಲಗಿರ್ತಿದ್ದೆ. ಫ್ರೀಜರ್ ಯಾಕೆ ಬೇಕಿತ್ತು?"

ತೀರಿಹೋದವಳ ಹೆಸರೆತ್ತಿದ್ದು ತಪ್ಪಾಯಿತೆಂದು ಶಾಂತಮಲ್ಲಮ್ಮನಿಗೆ ಅನ್ನಿಸಿರಬೇಕು. ಹತ್ತಿರ ಬಂದು ಸೊಸೆಯ ತಲೆ ಸವರಿದರು.

"ನಾನಿಲ್ವಾ? ನಮ್ಮೂರು ಭೀಮನಬೀಡ್ಗೋಗಿ ಕೇಳು, ನಮ್ಮ ಬೀದೀಲಿ ನನ್ನ ಕೈ ಸಾರು ಉಣ್ದೆ ಇರೋ ಬಾಣಂತಿ ಇಲ್ಲ. ನನ್ನ ಸೊಸೆ ತನ್ನ ಬಾಣಂತನ ತಾನೇ ಮಾಡ್ಕಂಡ್ಲು ಅಂದ್ರೆ, ನಾನಿನ್ನು ಯಾತಕ್ಕವ್ವ ಬದುಕಿರಾದು?"

ಸವರಿದ್ದು ಎಡಗೈ. ಯುಗಾದಿ ಕಳೆದ ಮೇಲೆ ಲಕ್ವ ಹೊಡೆದಾಗಿನಿಂದ ಬಲಗೈ, ಮುಟ್ಟಿದರೂ ತಿಳಿಯದಂತೆ, ಭುಜದಿಂದ ಸುಮ್ಮನೆ ಜೋತುಬಿದ್ದಿತ್ತು. ಮಾತು ಮರಳಿತ್ತು, ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಕೈಯ ಸುದ್ದಿಯನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ನಿಮ್ಮ ಮಗ ನೋಡ್ಕೋತಾರೆ ಬಿಡಿ," ಎಂದಳು ತೇಜಸ್ವಿನಿ, ಮಾತು ತಿರುಗಿಸಲು.

"ಚಂದ್ರಕುಮಾರನಾ? ಗ್ಯಾಸ್ ತಿರುಗ್ಸಿದ ಮ್ಯಾಲೆ ಬೆಂಕಿಪೊಟ್ನ ಉಡುಕೋನು ಅವನು!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಡುಗೆಮನೆ ಇನ್ನೂ ಖಾಲಿಯಾಗಿ ಕಂಡಿತು. ಶಾಂತಮಲ್ಲಮ್ಮ ಎಡಗೈಯಿಂದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಈಗ್ಲೇ ಮಾಡಿ ತೋರುಸ್ತೀನಿ. ನೀನು ಏಳ್ಬ್ಯಾಡ."

ಬೇಡ ಎನ್ನಲು ತೇಜಸ್ವಿನಿಗೆ ಬಾಯಿ ಬರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು, ಮೆಣಸಿನ ಡಬ್ಬಿಯ ಬಿಗಿ ಮುಚ್ಚಳವನ್ನು ಸಡಿಲಿಸಿ, ಇದ್ದ ಜಾಗದಲ್ಲೇ ಇಟ್ಟು ಬಂದು ಕುಳಿತಳು.

"ನೀರು ಕುಡಿಯಾಕೆ ಮೆಣಸಿನ ಡಬ್ಬಿ ಯಾಕಮ್ಮಿ ಮುಟ್ದೆ?" ಎಂದರು ಅತ್ತೆ, ತಿರುಗಿ ನೋಡದೆ. ಆದರೂ ಅದೇ ಮುಚ್ಚಳವನ್ನು ತೆಗೆದರು.

ಎಡಗೈಯಿಂದ ಬಲಗೈಯನ್ನು ಎತ್ತಿ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟರು. ಅದರ ಭಾರದಡಿ ಬೆಳ್ಳುಳ್ಳಿ ಗಡ್ಡೆಯನ್ನು ಸಿಕ್ಕಿಸಿ, ಉಗುರಿನಿಂದ ಒಂದೊಂದೇ ಎಸಳು ಬಿಡಿಸತೊಡಗಿದರು. ಬಿಡಿಸಿದ್ದಕ್ಕಿಂತ ಜಾರಿದ್ದೇ ಹೆಚ್ಚು. ಒಂದು ಎಸಳು ಉರುಳಿ ನೆಲಕ್ಕೆ ಬಿತ್ತು. ಅತ್ತೆ ಅದನ್ನು ನೋಡಿದರು, ಸೊಸೆಯೂ ನೋಡಿದಳು. ಇಬ್ಬರಲ್ಲಿ ಯಾರಿಗೂ ಬಗ್ಗಲಾಗಲಿಲ್ಲ.

"ಬಿದ್ದಿರ್ಲಿ ಬುಡು. ಚಂದ್ರ ಬಂದು ಎತ್ತಾಕ್ತಾನೆ."

ಜಜ್ಜಲು ಬಹಳ ಹೊತ್ತು ಹಿಡಿಯಿತು. ಮಧ್ಯೆ ಎರಡು ಸಲ ತೇಜಸ್ವಿನಿ ಏಳಲು ಹೋದಳು. ಎರಡು ಸಲವೂ ಅತ್ತೆ ಗದರಿದರು. ತಾನು ಹೆತ್ತು ಬಂದು ಮಲಗಿದಾಗ, ಎಳೆಕೂಸು ಅಳುತ್ತಿರುವಾಗ, ಈ ಅಡುಗೆಮನೆಯಲ್ಲಿ ಹೊತ್ತು ಹೀಗೇ ಸಾಗುತ್ತದೆ ಎಂದು ಯೋಚಿಸಿ ಅವಳಿಗೆ ಅಳು ಒತ್ತಿ ಬಂತು. ಮತ್ತೆ ಅಷ್ಟು ಡಬ್ಬಿ ತುಂಬಲು ಅವಳಲ್ಲಿ ಶಕ್ತಿ ಇರಲಿಲ್ಲ, ದಿನಗಳೂ ಇರಲಿಲ್ಲ.

ಅಷ್ಟರಲ್ಲಿ ಒಗ್ಗರಣೆ ಸಿಡಿಯಿತು. ತುಪ್ಪದಲ್ಲಿ ಬೆಳ್ಳುಳ್ಳಿ ಕೆಂಪಾಗುವ ವಾಸನೆ ಮನೆಯನ್ನೆಲ್ಲ ತುಂಬಿತು. ತಪ್ಪಲೆಯಲ್ಲಿ ಸಾರು ಕುದಿಯತೊಡಗಿತು. ತೇಜಸ್ವಿನಿಗೆ ಇದ್ದಕ್ಕಿದ್ದಂತೆ ಹಸಿವಾಯಿತು. ನಿಧಾನವಾದರೇನು, ಆಗುತ್ತದೆ, ಹೇಗೋ ಆಗುತ್ತದೆ ಅನ್ನಿಸಿತು. ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎಂದೇ ಹೇಳಬೇಕೆಂದುಕೊಂಡಳು.

ಶಾಂತಮಲ್ಲಮ್ಮ ಸೌಟಿನಲ್ಲಿ ಒಂದಿಷ್ಟು ಸಾರು ತೆಗೆದುಕೊಂಡು, ಊದಿ ಆರಿಸಿ, ನಿಂತಲ್ಲಿಂದಲೇ ಸೊಸೆಯ ಕಡೆಗೆ ಚಾಚಿದರು. ಲಕ್ವ ಹೊಡೆದ ಮೇಲೆ ಅವರ ಮುಖ ಅಷ್ಟು ಅರಳಿದ್ದನ್ನು ತೇಜಸ್ವಿನಿ ನೋಡಿರಲಿಲ್ಲ.

"ಉಪ್ಪು ಖಾರ ನೋಡು. ನಿನ್ನ ಫ್ರಿಜ್ಜಿನ ಸಾರು ಇಂಗಿರ್ತದಾ?"

ತೇಜಸ್ವಿನಿ ಸೌಟಿಗೆ ಬಾಯಿ ಕೊಡಲು ಎದ್ದಳು. ಆಗ ಕಂಡಿತು. ಕಟ್ಟೆಯ ಮೇಲಿಟ್ಟಿದ್ದ ಬಲಗೈ ಯಾವಾಗಲೋ ಜಾರಿ, ಕುದಿಯುವ ತಪ್ಪಲೆಗೆ ಅಂಟಿಕೊಂಡಿತ್ತು. ಬೆರಳುಗಳ ಚರ್ಮ ಬೆಳ್ಳಗಾಗಿ ಏಳತೊಡಗಿತ್ತು.

"ಅಯ್ಯೋ ಅತ್ತೆ, ಕೈ!"

ಶಾಂತಮಲ್ಲಮ್ಮ ಸೌಟು ಹಿಡಿದಿದ್ದ ಎಡಗೈಯನ್ನು ನೋಡಿಕೊಂಡು ನಕ್ಕರು.

"ಎಡಗೈಯೂ ಪಳಗ್ತು ಕಣವ್ವ. ನೋಡು, ಒಂಚೂರೂ ನಡುಗ್ತಾ ಇಲ್ಲ."